ಎರಡನೇ ಬೇಸ್ ಮುಟ್ಟದ ಮರ್ಕಲ್‌ನಿಂದಲೇ ನ್ಯೂಯಾರ್ಕ್ ಪಟ್ಟ ಕಳೆದುಕೊಂಡಿತೇ?

ಪ್ರಶ್ನೆ: 1908ರಲ್ಲಿ ಫ್ರೆಡ್ ಮರ್ಕಲ್ ಎಂಬ ಹುಡುಗ ಎರಡನೇ ಬೇಸ್ ಮುಟ್ಟುವುದನ್ನು ಮರೆತು ಓಡಿಹೋದದ್ದರಿಂದ ನ್ಯೂಯಾರ್ಕ್ ಜೈಂಟ್ಸ್ ತಂಡ ಗೆದ್ದಿದ್ದ ಪಂದ್ಯವನ್ನು ಸೋತು, ಲೀಗ್ ಪಟ್ಟವನ್ನೂ ಕಳೆದುಕೊಂಡಿತಂತೆ. ನಿಜವೇ?

ಉತ್ತರ: ಅವತ್ತು ನ್ಯೂಯಾರ್ಕ್ ಸೋಲಲಿಲ್ಲ. ಮರ್ಕಲ್ ಯಾವುದನ್ನೂ ಮರೆಯಲಿಲ್ಲ, ಎಲ್ಲರೂ ಮಾಡುತ್ತಿದ್ದದ್ದನ್ನೇ ಮಾಡಿದ. ಪಟ್ಟ ಕೈತಪ್ಪಿದ್ದಕ್ಕೆ ಕಾರಣ ಹುಡುಕುವುದಾದರೆ ಅವನ ಸರದಿ ಬಹಳ ಹಿಂದೆ ಬರುತ್ತದೆ.

ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ. 2016ರಲ್ಲಿ ಶಿಕಾಗೋ ಕಬ್ಸ್ ತಂಡ 108 ವರ್ಷಗಳ ನಂತರ ವರ್ಲ್ಡ್ ಸೀರೀಸ್ (ಎರಡು ಲೀಗುಗಳ ವಿಜೇತರ ನಡುವಿನ ಅಂತಿಮ ಸರಣಿ) ಗೆದ್ದಾಗ, ಅದಕ್ಕೂ ಹಿಂದೆ ಅದು ಗೆದ್ದದ್ದು 1908ರಲ್ಲಿ ಎಂಬ ಸುದ್ದಿಯ ಬೆನ್ನಿಗೇ ಮರ್ಕಲ್ ಕಥೆಯೂ ತೇಲಿಬಂತು. ಅಲ್ಲಿಂದ ಇದು ನಿಂತಿಲ್ಲ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಮಗಳ ಮನೆಗೆ ಹೋಗಿ, ಮೊಮ್ಮಗನ ಬೇಸ್‌ಬಾಲ್ ನೋಡಿ ಬಂದವರು ಕೇಳುತ್ತಾರೆ. ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡದವರೂ ಕೇಳುತ್ತಾರೆ. ಕೇಳುವುದು ತಪ್ಪಲ್ಲ, ಕೇಳಬೇಕು. ಆದರೆ ಪ್ರಶ್ನೆಯೊಳಗೇ ತೀರ್ಪು ಇಟ್ಟುಕೊಂಡು ಬರುತ್ತಾರಲ್ಲ, ಅದಕ್ಕೆ ಬೇಸರ. ಹಾಗಾಗಿ ಈ ಸಲ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲು ನಿಯಮ. ಬ್ಯಾಟರ್ ಮೂರು ಬೇಸ್ ಸುತ್ತಿ, ಹೊರಟ ಜಾಗವಾದ ಹೋಮ್ ಪ್ಲೇಟಿಗೆ ಮರಳಿದರೆ ಒಂದು ರನ್. ಮೂವರು ಔಟಾದರೆ ಆ ತಂಡದ ಸರದಿ ಮುಗಿಯಿತು. ಬ್ಯಾಟರ್ ಚೆಂಡು ಹೊಡೆದು ಮೊದಲನೇ ಬೇಸಿಗೆ ಓಡಿದರೆ, ಆಗಲೇ ಅಲ್ಲಿ ನಿಂತಿದ್ದ ಓಟಗಾರ ಜಾಗ ಖಾಲಿ ಮಾಡಿ ಎರಡನೆಯದಕ್ಕೆ ಹೋಗಲೇಬೇಕು. ಒಂದು ಬೇಸಿನಲ್ಲಿ ಇಬ್ಬರಿಗೆ ಜಾಗವಿಲ್ಲ. ಅವನು ತಲುಪುವುದರೊಳಗೆ ಎದುರಾಳಿ ಆಟಗಾರ ಚೆಂಡು ಹಿಡಿದು ಎರಡನೇ ಬೇಸ್ ಮೆಟ್ಟಿದರೆ ಸಾಕು, ಮೈಮುಟ್ಟುವ ಅಗತ್ಯವೂ ಇಲ್ಲ, ಅವನು ಔಟ್. ಇದಕ್ಕೆ ಫೋರ್ಸ್ ಔಟ್ ಅನ್ನುತ್ತಾರೆ. ಇಂಥ ಫೋರ್ಸ್ ಔಟ್ ಮೂರನೇ ಔಟ್ ಆಗಿಬಿಟ್ಟರೆ ಇನಿಂಗ್ಸ್ ಮುಗಿಯಿತು, ಜೊತೆಗೆ ಅದೇ ಹೊಡೆತದಲ್ಲಿ ಇನ್ನೊಬ್ಬ ಹೋಮ್ ಪ್ಲೇಟ್ ಮುಟ್ಟಿ ಗಳಿಸಿದ ರನ್ನೂ ರದ್ದು. ಅವನು ಎಷ್ಟೇ ಮುಂಚೆ ಮುಟ್ಟಿರಲಿ, ರದ್ದು.

ಕ್ರಿಕೆಟ್ಟಿನಲ್ಲಿ ಹೇಳಬೇಕೆಂದರೆ ಹೀಗೆ: ಕೊನೆಯ ಚೆಂಡು, ಬೇಕಿರುವುದು ಒಂದೇ ರನ್. ಹೊಡೆದವನು ಆ ತುದಿ ಸೇರಿದ. ಜನ ಮೈದಾನಕ್ಕೆ ನುಗ್ಗಿದರು. ನಾನ್‌ಸ್ಟ್ರೈಕರ್ ಮಾತ್ರ ಗೆದ್ದೆವೆಂದು ಅರ್ಧ ದಾರಿಯಿಂದಲೇ ಪೆವಿಲಿಯನ್ ಕಡೆ ತಿರುಗಿದ. ಆ ಗದ್ದಲದಲ್ಲೇ ಕೀಪರ್ ಚೆಂಡು ತರಿಸಿಕೊಂಡು ಬೇಲ್ ಎಗರಿಸಿ ಅಪೀಲ್ ಮಾಡಿದ. ಅಂಪೈರ್ ಕೈ ಎತ್ತಿದರು.

ಈಗ ಆ ದಿನಕ್ಕೆ ಬರೋಣ. 1908ರ ಸೆಪ್ಟೆಂಬರ್ 23, ಬುಧವಾರ. ಮ್ಯಾನ್‌ಹ್ಯಾಟನ್ನಿನ ಉತ್ತರ ಭಾಗದಲ್ಲಿ, ಕೂಗನ್ಸ್ ಬ್ಲಫ್ ಎಂಬ ಬಂಡೆಗುಡ್ಡದ ಬುಡದಲ್ಲಿದ್ದ ಪೋಲೋ ಗ್ರೌಂಡ್ಸ್ ಮೈದಾನ. ಮರದ ಗ್ಯಾಲರಿಗಳು. ಮೂರೇ ವರ್ಷದೊಳಗೆ, 1911ರಲ್ಲಿ, ಅವು ಬೆಂಕಿಗೆ ಆಹುತಿಯಾದವು. ನ್ಯಾಷನಲ್ ಲೀಗಿನ ಪಟ್ಟಕ್ಕೆ ನ್ಯೂಯಾರ್ಕ್ ಜೈಂಟ್ಸ್, ಶಿಕಾಗೋ ಕಬ್ಸ್, ಪಿಟ್ಸ್‌ಬರ್ಗ್ ಪೈರೇಟ್ಸ್ ಮೂರೂ ತಂಡಗಳು ಜಿದ್ದಿಗೆ ಬಿದ್ದಿದ್ದವು. ಹಿಂದಿನ ದಿನ, ಅಂದರೆ 22ರಂದು, ಇದೇ ಮೈದಾನದಲ್ಲಿ ಒಂದೇ ದಿನ ಎರಡು ಪಂದ್ಯ ನಡೆದು ಎರಡನ್ನೂ ಕಬ್ಸ್ ಒಂದೊಂದೇ ರನ್ನಿನಿಂದ ಗೆದ್ದಿತ್ತು. ಈ ಎರಡು ಸೋಲನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಜೈಂಟ್ಸ್ ತಂಡದ ಕಾಯಂ ಫಸ್ಟ್ ಬೇಸ್‌ಮನ್, ಅಂದರೆ ಮೊದಲನೇ ಬೇಸ್ ಕಾಯುವ ಫೀಲ್ಡರ್, ಫ್ರೆಡ್ ಟೆನಿ. ಆ ವರ್ಷ ಅವನು ಆಡದೇ ಉಳಿದ ಒಂದೇ ಒಂದು ಪಂದ್ಯ ಇದು. ಸೊಂಟ ಹಿಡಿದುಕೊಂಡಿತ್ತು. ಅವನ ಜಾಗಕ್ಕೆ ಮ್ಯಾನೇಜರ್ ಜಾನ್ ಮೆಕ್‌ಗ್ರಾ ಇಳಿಸಿದ್ದು ಫ್ರೆಡ್ ಮರ್ಕಲ್‌ನನ್ನು. ವಿಸ್ಕಾನ್ಸಿನ್ನಿನ ವಾಟರ್‌ಟೌನಿನಲ್ಲಿ ಹುಟ್ಟಿ ಒಹಾಯೋದ ಟೊಲೀಡೋದಲ್ಲಿ ಬೆಳೆದ ಹುಡುಗ, ವಯಸ್ಸಿನ್ನೂ 19. ಲೀಗಿನಲ್ಲೇ ಎಲ್ಲರಿಗಿಂತ ಚಿಕ್ಕವರಲ್ಲಿ ಒಬ್ಬ.

ಜೈಂಟ್ಸ್ ಕಡೆಯಿಂದ ಚೆಂಡೆಸೆದದ್ದು ಕ್ರಿಸ್ಟಿ ಮ್ಯಾಥ್ಯೂಸನ್. ಆ ವರ್ಷ 37 ಪಂದ್ಯ ಗೆದ್ದ ಮಹಾನುಭಾವ. ಎದುರಿಗೆ ಎಡಗೈ ಪಿಚರ್ ಜ್ಯಾಕ್ ಫೀಸ್ಟರ್. ಐದನೇ ಇನಿಂಗ್ಸಿನಲ್ಲಿ ಜೋ ಟಿಂಕರ್ ಹೊಡೆದ ಚೆಂಡು ಫೀಲ್ಡರ್ ಪಕ್ಕದಿಂದ ಉರುಳಿಹೋಗಿ, ಅದು ವಾಪಸ್ ಬರುವುದರೊಳಗೆ ಅವನು ನಾಲ್ಕೂ ಬೇಸ್ ಸುತ್ತಿ ಬಂದ. ಕಬ್ಸ್‌ಗೆ ಒಂದು. ಆರನೆಯದರಲ್ಲಿ ಜೈಂಟ್ಸ್ ಸಮ ಮಾಡಿತು. ಅಲ್ಲಿಂದ ಕೊನೆಯದಾದ ಒಂಬತ್ತನೇ ಇನಿಂಗ್ಸಿನ ಕೆಳಭಾಗದವರೆಗೂ, ಅಂದರೆ ಅದರಲ್ಲಿ ಜೈಂಟ್ಸ್ ಬ್ಯಾಟ್ ಮಾಡುವ ಸರದಿಯವರೆಗೂ, 1-1. ಆ ಕಾಲದ ಬೇಸ್‌ಬಾಲ್ ಹಾಗೇ ಇತ್ತು. ಒಂದೇ ಚೆಂಡನ್ನು ಮೆತ್ತಗಾಗಿ ಕಪ್ಪಾಗುವವರೆಗೂ ಬಳಸುತ್ತಿದ್ದರು, ರನ್ ಬರುವುದೇ ಕಷ್ಟ.

ಒಂಬತ್ತನೆಯದರಲ್ಲಿ ಮೊದಲು ಸೈ ಸೀಮೋರ್ ಔಟ್. ಆರ್ಟ್ ಡೆವ್ಲಿನ್ ಸಿಂಗಲ್ ಹೊಡೆದು ಮೊದಲನೇ ಬೇಸ್ ಹತ್ತಿದ. ಮೂಸ್ ಮೆಕಾರ್ಮಿಕ್ ಹೊಡೆದದ್ದು ನೆಲಚೆಂಡು, ಡೆವ್ಲಿನ್ ಎರಡನೆಯ ಬೇಸಿನಲ್ಲಿ ಔಟಾದ, ಮೆಕಾರ್ಮಿಕ್ ಮೊದಲನೆಯದರಲ್ಲಿ ಉಳಿದ. ಎರಡು ಔಟ್. ಇನ್ನೊಂದು ಹೋದರೆ ಇನಿಂಗ್ಸ್ ಮುಗಿದಂತೆ. ಆಗ ಬ್ಯಾಟ್ ಹಿಡಿದು ಬಂದವನು ಮರ್ಕಲ್. ಬಲಮೈದಾನಕ್ಕೆ ಚೊಕ್ಕವಾದ ಸಿಂಗಲ್ ಹೊಡೆದ. ಮೆಕಾರ್ಮಿಕ್ ಮೂರನೇ ಬೇಸ್ ತಲುಪಿದ. ಈ ಹೊಡೆತದ ಬಗ್ಗೆ ಯಾರೂ ಮಾತಾಡುವುದಿಲ್ಲ. ಎರಡು ಔಟ್ ಆಗಿ, ಮ್ಯಾಥ್ಯೂಸನ್ ಎಸೆದ ಪಂದ್ಯ ತೂಗುಯ್ಯಾಲೆಯಲ್ಲಿದ್ದಾಗ ಗೆಲುವಿನ ರನ್ನನ್ನು ಮೂರನೇ ಬೇಸಿನವರೆಗೆ ತಂದು ನಿಲ್ಲಿಸಿದ್ದು ಇದೇ 19ರ ಹುಡುಗ.

ಮುಂದಿನ ಬ್ಯಾಟರ್ ಆಲ್ ಬ್ರಿಡ್‌ವೆಲ್. ಮೊದಲ ಎಸೆತಕ್ಕೇ ಸೆಂಟರ್ ಫೀಲ್ಡಿಗೆ ಬಾರಿಸಿದ. ಬೇಸುಗಳ ಕಡೆ ನಿಂತಿದ್ದ ಅಂಪೈರ್ ಬಾಬ್ ಎಂಸ್ಲಿ ಚೆಂಡಿನಿಂದ ತಪ್ಪಿಸಿಕೊಳ್ಳಲು ನೆಲಕ್ಕೆ ಬಿದ್ದರು. ಮೆಕಾರ್ಮಿಕ್ ಹೋಮ್ ಪ್ಲೇಟ್ ಮುಟ್ಟಿದ. 2-1. ಜನ ಗ್ಯಾಲರಿಯಿಂದ ಮೈದಾನಕ್ಕೆ ಧುಮುಕಿದರು. ಮೊದಲನೆಯ ಬೇಸಿನಿಂದ ಎರಡನೆಯದರ ಕಡೆ ಓಡುತ್ತಿದ್ದ ಮರ್ಕಲ್ ಅರ್ಧದಲ್ಲಿ ತಿರುಗಿ ಸೆಂಟರ್ ಫೀಲ್ಡ್ ಆಚೆಗಿದ್ದ ಕ್ಲಬ್‌ಹೌಸ್ ಕಡೆ ಓಟ ಕಿತ್ತ.

ಇಲ್ಲಿಂದ ಮುಂದಿನದನ್ನು ಕಂಡವರು ಒಬ್ಬೊಬ್ಬರು ಒಂದೊಂದು ಥರ ಹೇಳಿದ್ದಾರೆ. ಎಲ್ಲರ ಮಾತಿನಲ್ಲೂ ಸಮನಾಗಿ ಸಿಗುವುದು ಇಷ್ಟು. ಕಬ್ಸ್ ಸೆಕೆಂಡ್ ಬೇಸ್‌ಮನ್ ಜಾನಿ ಈವರ್ಸ್ ಎರಡನೇ ಬೇಸಿನ ಮೇಲೆ ನಿಂತು ಚೆಂಡು ಕೊಡಿ ಎಂದು ಅರಚುತ್ತಿದ್ದ. ಸೆಂಟರ್ ಫೀಲ್ಡರ್ ಸಾಲಿ ಹಾಫ್ಮನ್ ಚೆಂಡನ್ನು ಒಳಕ್ಕೆಸೆದ. ಅದು ಈವರ್ಸ್ ಕೈಸೇರಲಿಲ್ಲ. ಮೂರನೇ ಬೇಸಿನ ಬಳಿ ಕೋಚ್ ಆಗಿ ನಿಂತಿದ್ದ ಜೈಂಟ್ಸ್ ಪಿಚರ್ ಜೋ ಮೆಗಿನಿಟಿಗೆ ಏನು ನಡೆಯುತ್ತಿದೆಯೆಂದು ಹೊಳೆದು, ಚೆಂಡು ಕಿತ್ತುಕೊಂಡು ಜನರ ಕಡೆ ಎಸೆದುಬಿಟ್ಟ. ಅಂದು ಆಡದೇ ಇದ್ದ ಕಬ್ಸ್ ಪಿಚರ್ ರೂಬ್ ಕ್ರೋ ಜನರ ಮಧ್ಯೆ ನುಗ್ಗಿ ಒಂದು ಚೆಂಡು ಕಿತ್ತು ತಂದ. ಅದು ಈವರ್ಸ್ ಕೈಗೆ ಬಂತು, ಅವನು ಬೇಸ್ ಮೆಟ್ಟಿದ. ಅದು ಬ್ರಿಡ್‌ವೆಲ್ ಹೊಡೆದ ಚೆಂಡೇ ಅಥವಾ ಬೇರೆಯದೇ ಎಂಬ ಜಗಳ ಅಂದೇ ಶುರುವಾಗಿ ಅವರೆಲ್ಲ ಸಾಯುವವರೆಗೂ ನಡೆಯಿತು. ನನ್ನನ್ನು ಕೇಳಿದರೆ ಆ ಜಗಳದಿಂದ ಏನೂ ಬಗೆಹರಿಯುವುದಿಲ್ಲ. ಎರಡೂ ಕಡೆಯಲ್ಲಿ ಆಟದಲ್ಲಿ ಇರದವರು ಚೆಂಡಿಗೆ ಕೈಹಾಕಿದ್ದರು. ನಿಯಮ ಹಿಡಿದು ಕೂತರೆ ಇಬ್ಬರಿಗೂ ಉಳಿಗಾಲವಿಲ್ಲ.

ಎಂಸ್ಲಿ ತಾನು ಬಿದ್ದಿದ್ದೆ, ನೋಡಲಿಲ್ಲ ಎಂದರು. ಹೋಮ್ ಪ್ಲೇಟ್ ಹಿಂದಿದ್ದ ಮುಖ್ಯ ಅಂಪೈರ್ ಹ್ಯಾಂಕ್ ಓಡೇ ನೋಡಿದ್ದರು. ಮರ್ಕಲ್ ಔಟ್, ರನ್ ಇಲ್ಲ, ಸ್ಕೋರು 1-1 ಎಂದು ತೀರ್ಪು ಕೊಟ್ಟರು. ಅಷ್ಟರಲ್ಲಿ ಮೈದಾನದ ತುಂಬ ಜನ, ಹೊತ್ತೂ ಇಳಿದಿತ್ತು. ದೀಪದ ಬೆಳಕಿನಲ್ಲಿ ಮೇಜರ್ ಲೀಗ್ ಪಂದ್ಯ ಶುರುವಾದದ್ದೇ 1935ರಲ್ಲಿ. ಹಾಗಾಗಿ ಆಟ ನಿಂತು ಟೈ ಆಯಿತು. ಜೈಂಟ್ಸ್ ತಾವು ಗೆದ್ದೆವೆಂದು ದೂರು ಕೊಟ್ಟಿತು. ಕಬ್ಸ್ ತಮಗೇ ಪಂದ್ಯ ಸಲ್ಲಬೇಕೆಂದು ದೂರು ಕೊಟ್ಟಿತು. ಲೀಗ್ ಅಧ್ಯಕ್ಷ ಹ್ಯಾರಿ ಪುಲಿಯಮ್ ಇಬ್ಬರ ಮಾತೂ ಒಪ್ಪದೆ ಅಂಪೈರುಗಳ ತೀರ್ಪು ಎತ್ತಿಹಿಡಿದರು. ಲೀಗಿನ ನಿರ್ದೇಶಕ ಮಂಡಳಿಯೂ ಹಾಗೇ ಮಾಡಿತು. ಟೈ ಎಂದರೆ ಟೈ. ಸೋಲಿನ ಪಟ್ಟಿಯಲ್ಲಿ ಆ ಪಂದ್ಯ ಇಲ್ಲ. ಪ್ರಶ್ನೆಯ ಒಂದು ಭಾಗ ಇಲ್ಲಿಗೆ ಬಿದ್ದುಹೋಯಿತು.

ಇನ್ನು ಆ ಹಠಮಾರಿ ನಂಬಿಕೆ. ಮರ್ಕಲ್ ದಡ್ಡ, ಅವನ ದಡ್ಡತನದಿಂದ ಪಟ್ಟ ಹೋಯಿತು ಎಂಬುದು. ಮರುದಿನದಿಂದಲೇ ಪತ್ರಿಕೆಗಳು ಅವನ ಮೇಲೆ ಗೂಬೆ ಕೂರಿಸಿದವು. ‘ಬೋನ್‌ಹೆಡ್’ ಎಂಬ ಅಡ್ಡಹೆಸರು ಅಂಟಿತು, ಸಾಯುವವರೆಗೂ ಬಿಡಲಿಲ್ಲ. ನೂರು ವರ್ಷ ಕಳೆದರೂ ಜನ ಅದನ್ನೇ ಉರು ಹೊಡೆದು ಹೇಳುತ್ತಾರೆ.

ವಾರನ್ ಗಿಲ್ ಎಂಬ ಹೆಸರು ಕೇಳಿದ್ದೀರಾ? ಕೇಳಿರುವುದಿಲ್ಲ. ಅದೇ ನನ್ನ ಮೊದಲ ಸಾಕ್ಷಿ. ಮರ್ಕಲ್ ಪ್ರಕರಣಕ್ಕೆ ಹತ್ತೊಂಬತ್ತು ದಿನ ಮುಂಚೆ, ಸೆಪ್ಟೆಂಬರ್ 4ರಂದು, ಪಿಟ್ಸ್‌ಬರ್ಗಿನಲ್ಲಿ ಪೈರೇಟ್ಸ್ ಮತ್ತು ಇದೇ ಕಬ್ಸ್ ಆಡುತ್ತಿದ್ದರು. ಹತ್ತನೇ ಇನಿಂಗ್ಸ್, 0-0, ಎರಡು ಔಟ್, ಮೂರನೇ ಬೇಸಿನಲ್ಲಿ ಪೈರೇಟ್ಸ್ ನಾಯಕ ಫ್ರೆಡ್ ಕ್ಲಾರ್ಕ್, ಮೊದಲನೆಯದರಲ್ಲಿ ವಾರನ್ ಗಿಲ್. ಓವನ್ ವಿಲ್ಸನ್ ಸೆಂಟರ್ ಫೀಲ್ಡಿಗೆ ಸಿಂಗಲ್ ಹೊಡೆದ. ಕ್ಲಾರ್ಕ್ ಓಡಿಬಂದು ರನ್ ಗಳಿಸಿದ. ಗಿಲ್ ಎರಡನೇ ಬೇಸ್ ಮುಟ್ಟದೆ ತಿರುಗಿ ಹೊರಟುಹೋದ. ಈವರ್ಸ್ ಚೆಂಡು ತರಿಸಿಕೊಂಡು ಬೇಸ್ ಮೆಟ್ಟಿ, ಇವನು ಔಟ್ ಎಂದು ಕೂಗಿದ. ಅಂದು ಮೈದಾನದಲ್ಲಿ ಇದ್ದದ್ದು ಒಬ್ಬರೇ ಅಂಪೈರ್. ಅವರು ಯಾರು ಗೊತ್ತೇ? ಇದೇ ಹ್ಯಾಂಕ್ ಓಡೇ. ತಾನು ಗಿಲ್ ಕಡೆ ನೋಡುತ್ತಿರಲಿಲ್ಲ, ನೋಡದ್ದನ್ನು ಹೇಳಲಾರೆ ಎಂದರು. ರನ್ ಉಳಿಯಿತು, ಪಿಟ್ಸ್‌ಬರ್ಗ್ 1-0 ಗೆದ್ದಿತು. ಕಬ್ಸ್ ದೂರು ಕೊಟ್ಟಿತು, ಪುಲಿಯಮ್ ತಳ್ಳಿಹಾಕಿದರು.

ಒಂದೇ ಸನ್ನಿವೇಶ. ಒಂದೇ ಕೆಲಸ. ಒಬ್ಬನ ತಂಡಕ್ಕೆ ಗೆಲುವು ಸಿಕ್ಕಿತು, ಅವನ ಹೆಸರು ಯಾರಿಗೂ ಬೇಡವಾಯಿತು. ಇನ್ನೊಬ್ಬನ ಹೆಸರು ಬೈಗುಳವಾಯಿತು. ಮರ್ಕಲ್ ದಡ್ಡನಾದರೆ ಗಿಲ್ ಕೂಡ ದಡ್ಡನಾಗಬೇಕು. ಅಷ್ಟೇ ಅಲ್ಲ, ಆ ಕಾಲದ ಆಟಗಾರರಲ್ಲಿ ಹೆಚ್ಚಿನವರೂ ದಡ್ಡರಾಗಬೇಕು. ಯಾಕೆಂದರೆ ಗೆಲುವಿನ ರನ್ ಹೋಮ್ ಪ್ಲೇಟ್ ದಾಟಿದ ಕೂಡಲೇ ಉಳಿದ ಓಟಗಾರರು ಇದ್ದಲ್ಲಿಂದಲೇ ಕ್ಲಬ್‌ಹೌಸಿಗೆ ಓಡುವುದು ಅಂದಿನ ರೂಢಿ. ಅದು ಸೋಮಾರಿತನವಲ್ಲ. ಪಂದ್ಯ ಮುಗಿದೊಡನೆ ಪ್ರೇಕ್ಷಕರು ಮೈದಾನದ ಮೇಲಿಂದಲೇ ನಡೆದು ಹೊರಗೆ ಹೋಗುತ್ತಿದ್ದರು. ಅವರ ಕೈಗೆ ಸಿಕ್ಕಿದರೆ ಟೋಪಿ, ಕೈಗವಸು ಉಳಿಯುವ ಭರವಸೆ ಇರಲಿಲ್ಲ. ಪೋಲೋ ಗ್ರೌಂಡ್ಸಿನಲ್ಲಿ ಕ್ಲಬ್‌ಹೌಸ್ ಇದ್ದದ್ದು ಮೈದಾನದ ಆ ಕೊನೆಯಲ್ಲಿ. ಓಡದೆ ಬೇರೆ ದಾರಿಯಿಲ್ಲ. ಪುಸ್ತಕದಲ್ಲಿ ಒಂದು ನಿಯಮ, ಮೈದಾನದಲ್ಲಿ ಒಂದು ರೂಢಿ, ರೂಢಿಯನ್ನೇ ಅಂಪೈರುಗಳೂ ಒಪ್ಪಿಕೊಂಡು ಬಂದಿದ್ದರು. ಸೆಪ್ಟೆಂಬರ್ 23ರ ಸಂಜೆ ಅವರು ಪುಸ್ತಕ ತೆರೆದರು.

ಓಡೇ ಮಾಡಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅವರ ತೀರ್ಪು ಅಕ್ಷರಶಃ ಸರಿ, ಅದಕ್ಕೆ ಎದೆಗಾರಿಕೆಯೂ ಬೇಕಿತ್ತು. ಆತ ಹಿಂದೆ ಇದೇ ಜೈಂಟ್ಸ್ ತಂಡಕ್ಕೆ ಪಿಚರ್ ಆಗಿದ್ದವರು. 1889ರಲ್ಲಿ ಆ ತಂಡದ ಪರ ಆಡಿದ್ದರು. ತವರು ಜನ ಮೈಮೇಲೆ ಬೀಳುತ್ತಿರುವಾಗ ಅವರ ವಿರುದ್ಧ ತೀರ್ಪು ಕೊಟ್ಟರು. 2013ರಲ್ಲಿ ಅವರಿಗೆ ಬೇಸ್‌ಬಾಲಿನ ಮಹನೀಯರಿಗೆ ಸಲ್ಲುವ ಹಾಲ್ ಆಫ್ ಫೇಮ್ ಗೌರವ ಸಂದಿದೆ. ಗಿಲ್ ವಿಷಯದಲ್ಲಿ ಈವರ್ಸ್ ಹೇಳಿದ್ದು ಅವರ ತಲೆಯಲ್ಲಿ ಕೂತಿತ್ತು, ಮುಂದಿನ ಸಲ ಕಣ್ಣಿಟ್ಟು ನೋಡಿದರು.

ಹಾಗಾದರೆ ಎಚ್ಚರ ಇರಬೇಕಾಗಿದ್ದದ್ದು ಯಾರಿಗೆ? ಗಿಲ್ ಪ್ರಕರಣ, ಕಬ್ಸ್ ದೂರು, ಅಧ್ಯಕ್ಷರ ಉತ್ತರ ಎಲ್ಲವೂ ಪತ್ರಿಕೆಗಳಲ್ಲಿ ಬಂದಿತ್ತು. ಮೂವತ್ತೈದು ದಾಟಿದ, ಆಟದ ಒಳಸುಳಿಗಳಲ್ಲಿ ಪಳಗಿದ ಜಾನ್ ಮೆಕ್‌ಗ್ರಾ ಎಂಬ ಮ್ಯಾನೇಜರ್ ಇದ್ದರು. ಅದೇ ಕಬ್ಸ್ ತಂಡ, ಅದೇ ಈವರ್ಸ್, ಅದೇ ಅಂಪೈರ್ ಎದುರಿಗಿದ್ದಾಗ ಬೇಸ್ ಮುಟ್ಟದೆ ಬರಬೇಡಿ ಎಂದು ತಮ್ಮ ಹುಡುಗರಿಗೆ ತಾಕೀತು ಮಾಡಬೇಕಾಗಿದ್ದದ್ದು ಅವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಬಿಸಿ ತಟ್ಟಿದ್ದು ಹುಡುಗನಿಗೆ. ಮೆಕ್‌ಗ್ರಾ ಪರವಾಗಿ ಒಂದು ಮಾತು ಹೇಳಲೇಬೇಕು. ಅವರು ಯಾವತ್ತೂ ಮರ್ಕಲ್‌ನನ್ನು ದೂರಲಿಲ್ಲ. ಮುಂದಿನ ವರ್ಷ ಅವನ ಸಂಬಳ ಹೆಚ್ಚಿಸಿದರು, ಆಮೇಲೆ ಕಾಯಂ ಫಸ್ಟ್ ಬೇಸ್‌ಮನ್ ಮಾಡಿದರು.

ಈಗ ಲೆಕ್ಕಕ್ಕೆ ಬನ್ನಿ. ಆ ರನ್ ಉಳಿದಿದ್ದರೆ ಜೈಂಟ್ಸ್ ಪಟ್ಟ ಗೆಲ್ಲುತ್ತಿತ್ತಲ್ಲವೇ ಎಂದು ಕೇಳುತ್ತೀರಿ. ಹೌದು, ಉಳಿದದ್ದೆಲ್ಲ ನಡೆದಂತೆಯೇ ನಡೆದಿದ್ದರೆ ಗೆಲ್ಲುತ್ತಿತ್ತು. ಆದರೆ ಇದೇ ಮಾತನ್ನು ಜೈಂಟ್ಸ್ ಆ ವರ್ಷ ಸೋತ ಪ್ರತಿಯೊಂದು ಪಂದ್ಯಕ್ಕೂ ಹೇಳಬಹುದು. ಸೆಪ್ಟೆಂಬರ್ 22ರ ಎರಡು ಸೋಲುಗಳನ್ನು ನೆನಪಿನಲ್ಲಿಡಿ ಎಂದಿದ್ದೆ. ಪಟ್ಟಕ್ಕೆ ಪೈಪೋಟಿ ಇದ್ದ ತಂಡದ ಎದುರೇ, ಒಂದೊಂದು ರನ್ನಿನಿಂದ, ತವರು ಮೈದಾನದಲ್ಲಿ. ಅವೆರಡರಲ್ಲಿ ಒಂದು ಗೆದ್ದಿದ್ದರೂ ಮರ್ಕಲ್ ಹೆಸರು ನಿಮಗೆ ಗೊತ್ತಾಗುತ್ತಿರಲಿಲ್ಲ.

ಮರ್ಕಲ್ ಘಟನೆಯಾದ ಮೇಲೂ ಲೀಗ್ ಇನ್ನೂ ಎರಡು ವಾರ ನಡೆಯಿತು. ಮರುದಿನವೇ ಜೈಂಟ್ಸ್ ಕಬ್ಸ್‌ನ್ನು ಸೋಲಿಸಿತು ಕೂಡ. ಆಮೇಲೆ ಫಿಲಡೆಲ್ಫಿಯಾ ಎದುರು ಹ್ಯಾರಿ ಕವಲೆಸ್ಕಿ ಎಂಬ ಹೊಸಬ ಪಿಚರ್ ಬಂದ. ಸೆಪ್ಟೆಂಬರ್ 29, ಅಕ್ಟೋಬರ್ 1, ಅಕ್ಟೋಬರ್ 3. ಐದು ದಿನದಲ್ಲಿ ಮೂರು ಸಲ ಅವನೊಬ್ಬನೇ ಜೈಂಟ್ಸನ್ನು ಮಣಿಸಿದ. ಕೊನೆಯದರಲ್ಲಿ ಸೋತವನು ಸ್ವತಃ ಮ್ಯಾಥ್ಯೂಸನ್. ಮೂರರಲ್ಲಿ ಒಂದು, ಒಂದೇ ಒಂದು, ಗೆದ್ದಿದ್ದರೂ ಪಟ್ಟ ನ್ಯೂಯಾರ್ಕಿನದು. ಇದನ್ನು ಹೇಳಿದಾಗ ಎದುರಿಗಿರುವವರು ಸುಮ್ಮನಾಗುತ್ತಾರೆ, ಆದರೆ ವಾರ ಕಳೆದ ಮೇಲೆ ಮತ್ತೆ ಮರ್ಕಲ್ ಎನ್ನುತ್ತಾರೆ.

ಅಕ್ಟೋಬರ್ 4ರಂದು ಶಿಕಾಗೋದಲ್ಲಿ ಪಿಟ್ಸ್‌ಬರ್ಗಿಗೆ ಕೊನೆಯ ಪಂದ್ಯ. ಅದನ್ನು ಗೆದ್ದಿದ್ದರೆ 99 ಗೆಲುವು, 55 ಸೋಲಿನೊಂದಿಗೆ ಪೈರೇಟ್ಸ್ ಮುಂದಿರುತ್ತಿತ್ತು.  ಕಬ್ಸ್ 5-2ರಿಂದ ಗೆದ್ದಿತು. ಜೈಂಟ್ಸ್ ತನ್ನ ಪಾಲಿನ ಕೊನೆಯ ಮೂರು ಪಂದ್ಯಗಳನ್ನು ಬಾಸ್ಟನ್ ಎದುರು ಗೆದ್ದಿತು. ಈಗ ಇಬ್ಬರದೂ 98 ಗೆಲುವು, 55 ಸೋಲು. ಟೈ ಆಗಿದ್ದ ಆ ಪಂದ್ಯವನ್ನು ಅಕ್ಟೋಬರ್ 8ರಂದು ಪೋಲೋ ಗ್ರೌಂಡ್ಸಿನಲ್ಲೇ ಮತ್ತೆ ಆಡಬೇಕೆಂದು ತೀರ್ಮಾನವಾಯಿತು.

ಅಂದರೆ ಕೈತಪ್ಪಿದ್ದನ್ನು ಪಡೆಯಲು ಜೈಂಟ್ಸ್‌ಗೆ ಪೂರ್ತಿ ಒಂದು ಪಂದ್ಯ ಮತ್ತೆ ಸಿಕ್ಕಿತು. ತವರು ನೆಲ, ತವರು ಜನ, ಚೆಂಡು ಮ್ಯಾಥ್ಯೂಸನ್ ಕೈಯಲ್ಲಿ. ಇದಕ್ಕಿಂತ ಏನು ಬೇಕು? ಅಂದು ಒಳಗೆ ಜಾಗ ಸಾಲದೆ ಗುಡ್ಡದ ಮೇಲೆ, ಮೇಲ್ಸೇತುವೆ ರೈಲಿನ ಕಂಬಗಳ ಮೇಲೆ ಜನ ಹತ್ತಿ ಕೂತಿದ್ದರು. ಜೈಂಟ್ಸ್ ತಂಡದ ವೈದ್ಯರು ಲಂಚ ಕೊಡಲು ಬಂದರೆಂದು ಆ ದಿನದ ಅಂಪೈರುಗಳು ದೂರು ಕೊಟ್ಟು, ಲೀಗು ಆ ವೈದ್ಯರನ್ನು ದೂರವಿಟ್ಟಿತು. ಅಂಪೈರುಗಳು ಕಾಸು ಮುಟ್ಟಿರಲಿಲ್ಲ.

ಮೊದಲನೇ ಇನಿಂಗ್ಸಿನಲ್ಲೇ ಜೈಂಟ್ಸ್ ಒಂದು ರನ್ ಗಳಿಸಿ ಫೀಸ್ಟರ್‌ನನ್ನು ಇಳಿಸಿತು. ಬದಲಿಗೆ ಬಂದವನು ಮೋರ್ಡಿಕೈ ಬ್ರೌನ್. ಇಂಡಿಯಾನಾದ ಹೊಲದಮನೆಯಲ್ಲಿ ಚಿಕ್ಕಂದಿನಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಬಲಗೈ ಕೊಟ್ಟು ತೋರುಬೆರಳಿನ ಬಹುಭಾಗ ಕಳೆದುಕೊಂಡವನು. ಆ ಸೊಟ್ಟ ಕೈಯಿಂದ ಅವನು ಎಸೆದ ಚೆಂಡು ಬ್ಯಾಟಿನ ಹತ್ತಿರ ಬಂದು ಕೆಳಕ್ಕೆ ಬೀಳುತ್ತಿತ್ತು. ಆ ವರ್ಷ ಅವನಿಗೆ 29 ಗೆಲುವು. ಮೂರನೇ ಇನಿಂಗ್ಸಿನಲ್ಲಿ ಟಿಂಕರ್ ಸೆಂಟರ್ ಫೀಲ್ಡರ್ ಸೀಮೋರ್ ತಲೆಯ ಮೇಲಿಂದ ಹೊಡೆದು ಮೂರು ಬೇಸ್ ಪಡೆದ. ಅದರ ಹಿಂದೆಯೇ ಹಿಟ್ ಮೇಲೆ ಹಿಟ್ ಬಿದ್ದು ಕಬ್ಸ್ ನಾಲ್ಕು ರನ್ ಗಳಿಸಿತು. ಮ್ಯಾಥ್ಯೂಸನ್‌ನನ್ನು ಹಳಿಯಬೇಡಿ. ಆ ಸೀಸನ್ನಿನಲ್ಲಿ 390 ಇನಿಂಗ್ಸ್ ಎಸೆದ ಕೈ ಅದು, ಈಗಿನ ಪಿಚರುಗಳು 200 ಮುಟ್ಟಿದರೆ ದೊಡ್ಡದು. ಏಳನೆಯದರಲ್ಲಿ ಜೈಂಟ್ಸ್ ಒಬ್ಬರೂ ಔಟಾಗದೆ ಮೂರೂ ಬೇಸ್ ತುಂಬಿತ್ತು. ಗಳಿಸಿದ್ದು ಒಂದೇ ರನ್. ಅಂತಿಮವಾಗಿ 4-2. ಕಬ್ಸ್ 99 ಗೆಲುವು, 55 ಸೋಲು. ಜೈಂಟ್ಸ್ ಮತ್ತು ಪೈರೇಟ್ಸ್ ಎರಡೂ 98 ಗೆಲುವು, 56 ಸೋಲು.

ಜೈಂಟ್ಸ್ ಪಟ್ಟ ಕಳೆದುಕೊಂಡದ್ದು ಈ ದಿನ. ಫಸ್ಟ್ ಬೇಸಿನಲ್ಲಿ ಆಡಿದವನು ಟೆನಿ. ಮರ್ಕಲ್ ಆಡಲೇ ಇಲ್ಲ.

ಆಮೇಲೆ ಅವನೇನಾದ ಎಂದೂ ಕೆಲವರು ಕೇಳುತ್ತಾರೆ. ಅವನು 1920ರವರೆಗೆ ಕಾಯಂ ಆಡಿದ, 1925-26ರಲ್ಲಿ ಯಾಂಕೀಸ್ ಪರ ಕೆಲವು ಪಂದ್ಯ ಆಡಿದ. 1,500ಕ್ಕೂ ಹೆಚ್ಚು ಹಿಟ್. 1911, 1912, 1913ರಲ್ಲಿ ಜೈಂಟ್ಸ್ ಜೊತೆ, 1916ರಲ್ಲಿ ಬ್ರೂಕ್ಲಿನ್ ಜೊತೆ, 1918ರಲ್ಲಿ ಅದೇ ಕಬ್ಸ್ ಜೊತೆ ವರ್ಲ್ಡ್ ಸೀರೀಸ್ ಆಡಿದ. ಐದರಲ್ಲೂ ಅವನ ತಂಡ ಸೋತಿತು, ಅದು ಬೇರೆ ಮಾತು. ದಡ್ಡನನ್ನು ಲೀಗ್ ಪಟ್ಟ ಗೆದ್ದ ಮೂರು ಬೇರೆ ಬೇರೆ ತಂಡಗಳು ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ನಿವೃತ್ತಿಯ ನಂತರ ಬಹಳ ವರ್ಷ ಅವನು ಬೇಸ್‌ಬಾಲ್ ಜನರಿಂದ ದೂರವೇ ಇದ್ದ. 1950ರಲ್ಲಿ ಜೈಂಟ್ಸ್ ಹಳೆಯ ಆಟಗಾರರನ್ನು ಪೋಲೋ ಗ್ರೌಂಡ್ಸಿಗೆ ಕರೆದಾಗ ಬಂದ, ಜನ ಚಪ್ಪಾಳೆ ತಟ್ಟಿ ಬರಮಾಡಿಕೊಂಡರು. 1956ರಲ್ಲಿ ಫ್ಲೋರಿಡಾದ ಡೇಟೋನಾ ಬೀಚಿನಲ್ಲಿ ತೀರಿಕೊಂಡ. ಹುಟ್ಟೂರು ವಾಟರ್‌ಟೌನಿನಲ್ಲಿ ಒಂದು ಬೇಸ್‌ಬಾಲ್ ಮೈದಾನಕ್ಕೆ ಅವನ ಹೆಸರಿದೆ.

ಈ ಇಡೀ ಚರ್ಚೆಯಲ್ಲಿ ಯಾರೂ ಕೇಳದ ಒಂದು ಪ್ರಶ್ನೆಯಿದೆ. ನಾನೇ ಎತ್ತುತ್ತೇನೆ. ಅದೇ 1908ರಲ್ಲಿ ಅಮೆರಿಕನ್ ಲೀಗಿನಲ್ಲಿ ಏನಾಯಿತು? ಅಲ್ಲಿ ನಡೆದ ಅನ್ಯಾಯ ನ್ಯೂಯಾರ್ಕಿಗೆ ಆದದ್ದಕ್ಕಿಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಡೆಟ್ರಾಯ್ಟ್ ಟೈಗರ್ಸ್ 90 ಗೆಲುವು, 63 ಸೋಲು. ಕ್ಲೀವ್‌ಲ್ಯಾಂಡ್ 90 ಗೆಲುವು, 64 ಸೋಲು. ಗೆಲುವು ಸಮ. ಕೂಡಿ ನೋಡಿ. ಕ್ಲೀವ್‌ಲ್ಯಾಂಡ್ ಆಡಿ ಇತ್ಯರ್ಥವಾದ ಪಂದ್ಯಗಳು 154, ಡೆಟ್ರಾಯ್ಟಿನದು 153. ಮಳೆಗೆ ನಿಂತುಹೋದ ಒಂದು ಪಂದ್ಯವನ್ನು ಡೆಟ್ರಾಯ್ಟ್ ಮತ್ತೆ ಆಡಲೇ ಇಲ್ಲ. ಆಡಲೇಬೇಕು ಎಂಬ ನಿಯಮ ಇರಲಿಲ್ಲ. ಗೆಲುವಿನ ಶೇಕಡಾವಾರು ನೋಡಿ ಸ್ಥಾನ ಕೊಡುತ್ತಿದ್ದರಿಂದ ಡೆಟ್ರಾಯ್ಟ್ ಒಂದು ಕೂದಲೆಳೆ ಮುಂದೆ ಉಳಿಯಿತು, ಪಟ್ಟ ಅದಕ್ಕೇ. ಆ ಪಂದ್ಯ ಆಡಿ ಸೋತಿದ್ದರೆ ಎರಡೂ ತಂಡ ಸರಿಸಮ ಆಗುತ್ತಿದ್ದವು. ನ್ಯೂಯಾರ್ಕಿಗೆ ತನ್ನ ತಕರಾರು ಮೈದಾನದಲ್ಲಿ ಬಗೆಹರಿಸಿಕೊಳ್ಳಲು ಅಕ್ಟೋಬರ್ 8 ಸಿಕ್ಕಿತು. ಕ್ಲೀವ್‌ಲ್ಯಾಂಡಿಗೆ ಅಂಥ ದಿನವೇ ಸಿಗಲಿಲ್ಲ. ಪಟ್ಟದ ಮೇಲೆ ಪರಿಣಾಮ ಬೀರುವ ಬಾಕಿ ಪಂದ್ಯಗಳನ್ನು ಆಡಿಯೇ ತೀರಬೇಕು ಎಂಬ ನಿಯಮ ಆಮೇಲೆ ಬಂತು. ಆ ಡೆಟ್ರಾಯ್ಟನ್ನೇ ವರ್ಲ್ಡ್ ಸೀರೀಸಿನಲ್ಲಿ ಕಬ್ಸ್ 4-1ರಿಂದ ಸೋಲಿಸಿತು.

ಅದೇ ಪೈಪೋಟಿಯ ನಡುವೆ, ಅಕ್ಟೋಬರ್ 2ರಂದು, ಕ್ಲೀವ್‌ಲ್ಯಾಂಡಿನ ಆಡಿ ಜಾಸ್ ಶಿಕಾಗೋ ವೈಟ್ ಸಾಕ್ಸ್ ಎದುರು ಒಂಬತ್ತೂ ಇನಿಂಗ್ಸ್ ಎಸೆದು ಒಬ್ಬ ಬ್ಯಾಟರನ್ನೂ ಮೊದಲನೇ ಬೇಸ್ ಮುಟ್ಟಲು ಬಿಡಲಿಲ್ಲ. ಎದುರಿಗೆ ಎಸೆದವನು ಆ ವರ್ಷ 40 ಪಂದ್ಯ ಗೆದ್ದ ಎಡ್ ವಾಲ್ಷ್. ಅವನು 15 ಜನರನ್ನು ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಚೆಂಡು ಹೊಡೆಯಲು ಬಿಡದೆ ಔಟ್ ಮಾಡಿದ. ಸ್ಕೋರು 1-0. ಪಟ್ಟಕ್ಕಾಗಿ ಒಂದೊಂದು ಪಂದ್ಯವೂ ಜೀವನ್ಮರಣದ ಪ್ರಶ್ನೆಯಾಗಿದ್ದಾಗ ಇಬ್ಬರು ಪಿಚರುಗಳು ಹೀಗೆ ಎಸೆದದ್ದು ಇನ್ನೊಮ್ಮೆ ನಡೆದದ್ದನ್ನು ನಾನು ಕೇಳಿಲ್ಲ. ಮರ್ಕಲ್ ಬಗ್ಗೆ ಪತ್ರದ ಮೇಲೆ ಪತ್ರ ಬರುತ್ತದೆ, ಜಾಸ್ ಬಗ್ಗೆ ಇವತ್ತಿನವರೆಗೆ ಒಂದೂ ಬಂದಿಲ್ಲ. ಮುಂದಿನ ಸಲ ಅದನ್ನು ಕೇಳಿ, ಇನಿಂಗ್ಸ್ ಇನಿಂಗ್ಸ್ ಬಿಡಿಸಿ ಬರೆಯುತ್ತೇನೆ.